ದಾನವೂ ಮತಾಂತರವೂ: ಸುರಪುರ ಸೀಮೆಯ ಕೆಲವು ಸಾಕ್ಷ್ಯಗಳು

ಹಸಿದವನಿಗೆ ಅನ್ನವನ್ನೂ ರೋಗಿಗೆ ಔಷಧವನ್ನೂ ಕೊಡುವ ಧರ್ಮಸಂಸ್ಥೆಯೊಂದು, ಪಡೆಯುವವನು ತನ್ನ ಮತಕ್ಕೆ ಬಂದು ಸೇರಲೆಂಬ ಉದ್ದೇಶವನ್ನು ಆ ದಾನದೊಡನೆ ಕೂಡಿಸಬಹುದೇ ಎಂಬ ಪ್ರಶ್ನೆಯು ನಮ್ಮಲ್ಲಿ ಸಾಮಾನ್ಯವಾಗಿ ಕ್ರೈಸ್ತ ಮಿಶನ್ನುಗಳನ್ನು ಕುರಿತ ವಾದವಾಗಿಯೇ ಮುಗಿದುಹೋಗುತ್ತದೆ. ಒಂದು ಪಕ್ಷದವರು ಅದನ್ನು ವಂಚನೆಯೆಂದು ಕರೆಯುವರು. ಇನ್ನೊಂದು ಪಕ್ಷದವರು ಪರಮೋಪಕಾರವೆಂದು ಹೊಗಳುವರು. ಇಬ್ಬರೂ ಈ ಪ್ರಶ್ನೆಯು ಹಡಗಿನಿಂದಿಳಿದು ಬಂದ ಪಾದ್ರಿಗಳೊಡನೆಯೇ ಕನ್ನಡ ನಾಡಿಗೆ ಕಾಲಿಟ್ಟಿತೆಂದು ಭಾವಿಸಿದಂತೆ ತೋರುತ್ತದೆ. ವಾಸ್ತವವಾಗಿ ಇದು ಬಹು ಹಳೆಯ ಪ್ರಶ್ನೆ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿ, ಅದರೊಳಗಿನ ಶಹಾಪುರ ಸುರಪುರಗಳು, ಅವುಗಳ ನೆರೆಯ ಭೀಮಾತೀರ - ಇಷ್ಟು ಚಿಕ್ಕ ಪ್ರದೇಶದಲ್ಲಿಯೇ ಇದನ್ನು ವಿಚಾರಿಸಲು ಬೇಕಾದ ಸಾಮಗ್ರಿಯು ಎರಡು ಸಾವಿರ ವರ್ಷಗಳಿಗೆ ಮೀರಿ ಹರಡಿಕೊಂಡಿದೆ. ಪ್ರಕೃತ ಲೇಖನದಲ್ಲಿ ಆ ಸಾಮಗ್ರಿಯ ಒಂದು ಭಾಗವನ್ನು ವಾಚಕರ ಮುಂದಿಡುವೆವು.

ಮೊದಲು ಒಂದು ಶಬ್ದದ ವಿಚಾರ. 2022ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ, 2023ರ ಜೂನ್ ತಿಂಗಳಲ್ಲಿ ಹಿಂತೆಗೆಯಬೇಕೆಂದು ಮಂತ್ರಿಮಂಡಲವು ನಿರ್ಧರಿಸಿದ, ಮತಾಂತರ ಸಂಬಂಧವಾದ ಕಾಯಿದೆಯ ಚರ್ಚೆಯಲ್ಲಿ ಎಲ್ಲರ ಬಾಯಲ್ಲಿಯೂ ಇದ್ದ ಮಾತು 'ಆಮಿಷ' ಎಂಬುದು. ಈ ಮಾತಿಗೆ ಮಾಂಸವೆಂಬುದು ಮೂಲಾರ್ಥ. ಗಾಳಕ್ಕೆ ಸಿಕ್ಕಿಸುವ ಎರೆಯೆಂಬುದು ಅದರಿಂದ ಹುಟ್ಟಿದ ಅರ್ಥ. ಆದರೆ ಬೌದ್ಧರ ಪಾಲಿ ಗ್ರಂಥಗಳಲ್ಲಿ 'ಆಮಿಸದಾನ'ವೆಂದರೆ ನಿಂದೆಯ ಮಾತಲ್ಲ. ಅನ್ನ, ವಸ್ತ್ರ, ಔಷಧ ಮುಂತಾದ ಪದಾರ್ಥಗಳನ್ನು ಕೊಡುವುದೇ ಆಮಿಸದಾನ. ಧರ್ಮವನ್ನು ತಿಳಿಸಿಕೊಡುವುದು 'ಧಮ್ಮದಾನ'. ಎರಡೂ ದಾನಗಳೇ, ಎರಡನೆಯದು ಮೇಲಾದುದು ಎಂಬುದು ಆ ಗ್ರಂಥಗಳ ಮತ. ಹೀಗೆ ಒಂದು ಕಾಲಕ್ಕೆ ಬರಿಯ ದ್ರವ್ಯದಾನಕ್ಕೆ ಹೆಸರಾಗಿದ್ದ ಶಬ್ದವು ಇಂದು ದಾನದ ವೇಷದಲ್ಲಿರುವ ಗಾಳಕ್ಕೆ ಹೆಸರಾಗಿ ನಿಂತಿದೆ. ಈ ಎರಡು ಅರ್ಥಗಳ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ನಮ್ಮ ವಿಚಾರದ ವಸ್ತು.

ಆ ಗೆರೆಯನ್ನು ಎಳೆಯಲು ಯತ್ನಿಸಿದವರಲ್ಲಿ ಮೊದಲಿಗನು ಮೌರ್ಯ ಅಶೋಕ. ಭೀಮಾತೀರದ ಸನ್ನತಿಯು ಈಗ ಕಲಬುರಗಿ ಜಿಲ್ಲೆಗೆ ಸೇರಿದ್ದರೂ ಶಹಾಪುರ ಸೀಮೆಗೆ ಕೂಗಳತೆಯಲ್ಲಿಯೇ ಇದೆಯೆನ್ನಬಹುದು. ಅಲ್ಲಿನ ಚಂದ್ರಲಾಂಬಾ ಕ್ಷೇತ್ರದಲ್ಲಿ ಕಾಳಿಕಾದೇವಿಯ ಗುಡಿಯ ಮಾಳಿಗೆಯು 1986ರಲ್ಲಿ ಕುಸಿದ ಮೇಲೆ, ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯು ಬೆಳಕಿಗೆ ಬಂದಿತು. ಅದರ ಎರಡು ಮುಖಗಳಲ್ಲಿಯೂ ಅಶೋಕನ ಶಾಸನಗಳಿದ್ದುವು: ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು, ಇನ್ನೊಂದು ಮುಖದಲ್ಲಿ ಕಳಿಂಗದಿಂದ ಪರಿಚಿತವಾದ ಎರಡು ಪ್ರತ್ಯೇಕ ಶಾಸನಗಳು. ಈ ಹನ್ನೆರಡನೆಯ ಶಾಸನವೇ ಪಾಷಂಡಗಳ, ಅಂದರೆ ಮತಪಂಥಗಳ, ಪರಸ್ಪರ ನಡವಳಿಕೆಯನ್ನು ಹೇಳುವಂಥದು. ಅರಸನು ಎಲ್ಲ ಪಂಥದವರನ್ನೂ ದಾನದಿಂದ ಮನ್ನಿಸುವನೆಂದು ಅದರಲ್ಲಿದೆ. ಆದರೆ ದಾನಕ್ಕಿಂತಲೂ ಎಲ್ಲ ಪಂಥಗಳ 'ಸಾರ'ವು ಬೆಳೆಯುವುದನ್ನೇ ಅವನು ಹೆಚ್ಚಾಗಿ ಬಗೆಯುವನೆಂದೂ, ಆ ಬೆಳವಣಿಗೆಗೆ ಮಾತಿನ ಸಂಯಮವೇ ಮೂಲವೆಂದೂ ಇದೆ. ಸ್ವತಃ ಬೌದ್ಧನಾಗಿದ್ದು ಧರ್ಮಪ್ರಚಾರಕ್ಕಾಗಿ ದೂತರನ್ನು ಕಳುಹಿಸಿದ ಅರಸನು ಹೇಳಿದ ಮಾತಿದು ಎಂಬುದನ್ನು ಗಮನಿಸಬೇಕು. ಅವನು ಪ್ರಚಾರವನ್ನು ಬಿಡಲಿಲ್ಲ, ದಾನವನ್ನೂ ಬಿಡಲಿಲ್ಲ. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಮಾತ್ರ ಮಾಡಲಿಲ್ಲ.

ದಾನದ ಬಗೆಗಳನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದವರು ಜೈನರು. ಯಾದಗಿರಿಯ ನೆರೆಯಲ್ಲಿಯೇ ಇರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಗೌರವಕ್ಕೆ ಪಾತ್ರನಾಗಿದ್ದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ದತ್ತಿಗಳನ್ನು ನಾಲ್ಕಾಗಿ ಎಣಿಸಿದ್ದಾನೆ. ಅವುಗಳಲ್ಲಿ ನಮಗೆ ಪ್ರಕೃತವಾದುವು ಎರಡು: ದಯಾದತ್ತಿ ಮತ್ತು ಪಾತ್ರದತ್ತಿ. ಪಾತ್ರದತ್ತಿಯಲ್ಲಿ ಪಡೆಯುವವನು ವ್ರತಿಯಾದ ಮುನಿ. ಅವನ ಶ್ರದ್ಧೆಯೂ ಆಚಾರವೂ ಮೊದಲೇ ಸಿದ್ಧವಾಗಿರುವುವು, ದಾನವು ಅವುಗಳಿಗೆ ಸಲ್ಲುವ ಗೌರವ. ದಯಾದತ್ತಿಯಲ್ಲಿಯಾದರೋ ಪಡೆಯುವವನ ಮತವನ್ನು ಕೇಳುವುದೇ ಇಲ್ಲ. ಅವನ ಭಯವೂ ಕಷ್ಟವೂ ಅಷ್ಟೇ ಕಾರಣ. ಮೊದಲನೆಯದರಲ್ಲಿ ಮತವು ದಾನಕ್ಕಿಂತ ಮುಂಚೆ ಇದೆ. ಎರಡನೆಯದರಲ್ಲಿ ಮತದ ಪ್ರಸ್ತಾಪವಿಲ್ಲ. ಪಡೆಯುವವನ ಮತವನ್ನು ದಾನದಿಂದಲೇ ಹುಟ್ಟಿಸಬೇಕೆಂಬ ಮೂರನೆಯ ಬಗೆಗೆ ಈ ಎಣಿಕೆಯಲ್ಲಿ ಸ್ಥಳವಿಲ್ಲ, ಹೆಸರೂ ಇಲ್ಲ. ಹೆಸರಿಲ್ಲದ ಮಾತ್ರಕ್ಕೆ ಅಂಥದು ನಡೆಯಲೇ ಇಲ್ಲವೆಂದು ಹೇಳಿದರೆ ಅದು ಇತಿಹಾಸವಾಗದು.

ಹಳೆಯ ಸುರಪುರ ತಾಲೂಕಿನ ಮುದನೂರು ಇದಕ್ಕೆ ನಿದರ್ಶನ. ವಚನಕಾರರಲ್ಲಿ ಆದ್ಯನೆಂದು ಪ್ರಸಿದ್ಧನಾದ ದಾಸಿಮಯ್ಯನ ಊರಿದು. ಅವನ ವಚನಗಳ ಅಂಕಿತವಾದ ರಾಮನಾಥನು ಈ ಊರಿನ ದೇವರು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೋ ಇಬ್ಬರೋ ಎಂಬ ವಿದ್ವಾಂಸರ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಪುರಾಣಗಳು ಕೂಡಿಸಿ ಹೇಳಿರುವ ಕಥೆಯೇ ನಮಗೆ ಬೇಕಾದುದು. ನೇಯ್ಗೆಯ ಕಾಯಕದ ದಾಸಿಮಯ್ಯನು ಬಹುಕಾಲ ನೇಯ್ದ ಬಟ್ಟೆಯನ್ನು ಮುದಿಜಂಗಮನೊಬ್ಬನು ಬೇಡಿ ಪಡೆದು ಅವನೆದುರಿಗೇ ಹರಿದುಹಾಕಿದನಂತೆ. ದಾಸಿಮಯ್ಯನು ಕೋಪಿಸಲಿಲ್ಲ. ಜಂಗಮರೂಪದ ಶಿವನು ಮೆಚ್ಚಿ ತವನಿಧಿಯನ್ನು ಕರುಣಿಸಿದನು. ಎಂದೂ ತವದ ಆ ನಿಧಿಯಿಂದ ದಾಸಿಮಯ್ಯನ ಮನೆಯಲ್ಲಿ ಜಂಗಮದಾಸೋಹವು ನಡೆಯಿತು. ಕೊಟ್ಟ ವಸ್ತುವನ್ನು ಪಡೆದವನು ಏನು ಮಾಡಿದರೂ ಕೊಟ್ಟವನಿಗೆ ಅದರ ಮೇಲೆ ಹಕ್ಕಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆಯು ದುರ್ಲಭ. ದಾಸೋಹವೆಂಬ ಮಾತೇ ಕೊಡುವವನನ್ನು ದಾಸನ ಸ್ಥಾನದಲ್ಲಿ ನಿಲ್ಲಿಸಿ ಪಡೆಯುವವನನ್ನು ಮೇಲಕ್ಕೇರಿಸುತ್ತದೆ.

ಆದರೆ ಕಥೆಯು ಅಲ್ಲಿಗೆ ನಿಲ್ಲುವುದಿಲ್ಲ. ಶಾಸನಗಳಲ್ಲಿಯೂ ಹೆಸರಿರುವ, ಚಾಳುಕ್ಯ ಜಯಸಿಂಹನ ರಾಣಿ ಸುಗ್ಗಲದೇವಿಯು ದಾಸಿಮಯ್ಯನನ್ನು ಗುರುವಾಗಿ ಬರಮಾಡಿಕೊಂಡಳೆಂದೂ, ಜೈನರು ಕೊಡದಲ್ಲಿಟ್ಟ ಸರ್ಪವು ಅವನ ಮಹಿಮೆಯಿಂದ ಲಿಂಗವಾಯಿತೆಂದೂ, ಅರಸನು ಮತವನ್ನು ಬದಲಾಯಿಸಿದನೆಂದೂ, ಪೊಟ್ಟಳಕೆರೆಯ ಏಳುನೂರು ಬಸದಿಗಳು ಹಾಳಾದುವೆಂದೂ ಪುರಾಣಪರಂಪರೆಯು ಉತ್ಸಾಹದಿಂದಲೇ ವರ್ಣಿಸುತ್ತದೆ. ಏಳುನೂರು ಎಂಬ ಲೆಕ್ಕವನ್ನು ಯಾರೂ ಚರಿತ್ರೆಯೆಂದು ನಂಬಬೇಕಾಗಿಲ್ಲ. ಗಮನಿಸತಕ್ಕ ಅಂಶವು ಬೇರೆ: ಒಬ್ಬನೇ ಶರಣನ ಕಥೆಯಲ್ಲಿ ನಿರಪೇಕ್ಷವಾದ ದಾನವೂ ಇದೆ, ಪರಮತದ ಮೇಲಣ ಜಯವೂ ಇದೆ; ಆದರೆ ಪುರಾಣಕಾರರು ಎರಡನ್ನೂ ಬೆಸೆಯಲಿಲ್ಲ. ತವನಿಧಿಯ ಅಕ್ಕಿಯಿಂದ ಒಬ್ಬ ಜೈನನೂ ಶೈವನಾದನೆಂದು ಅವರು ಹೇಳುವುದಿಲ್ಲ. ವಾದದಿಂದ, ಪವಾಡದಿಂದ, ಕೊನೆಗೆ ಬಲದಿಂದ ಮತವು ಗೆಲ್ಲಬಹುದು. ಅನ್ನದಿಂದ ಗೆದ್ದಿತೆಂದು ಬರೆದರೆ ಗೆದ್ದವನಿಗೇ ಅವಮಾನವೆಂಬ ಭಾವನೆಯು ಅವರಲ್ಲಿ ಇದ್ದಿರಬೇಕು.

ಅಬ್ಬಲೂರಿನ ಏಕಾಂತದ ರಾಮಯ್ಯನ ಶಾಸನದಲ್ಲಿಯೂ ಕ್ರಮವು ಇದೇ. ಸುಮಾರು ಕ್ರಿ. ಶ. 1200ರ ಈ ಶಾಸನದಂತೆ ರಾಮಯ್ಯನು ತಲೆಯನ್ನರಿದುಕೊಂಡು ಮರಳಿ ಪಡೆದು ಜೈನರನ್ನು ಸೋಲಿಸಿದ ಮೇಲೆ, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟು ಅವನ ದೇವಾಲಯಕ್ಕೆ ಗ್ರಾಮದಾನ ಮಾಡಿದನು. ಇಲ್ಲಿ ದಾನವು ಗೆದ್ದವನಿಗೆ ಸಿಕ್ಕ ಬಹುಮಾನ. ಸೋತವರ ದೃಷ್ಟಿಯಿಂದ ನೋಡಿದರೆ ಇದು ಸೌಮ್ಯವಾದ ಪದ್ಧತಿಯೇನೂ ಅಲ್ಲ. ರಾಜಾಶ್ರಯವು ಯಾವ ಕಡೆಗೆ ಹರಿಯುವುದೆಂಬುದನ್ನು ನೋಡಿ ಎಷ್ಟು ಮನೆತನಗಳು ದೇವರನ್ನು ಬದಲಾಯಿಸಿದುವೋ ಶಾಸನಗಳು ಬರೆದಿಡುವುದಿಲ್ಲ.

ಇದಕ್ಕೆ ಎದುರಾಗಿ ಬಳ್ಳಿಗಾವೆಯ ಕೋಡಿಯಮಠವನ್ನು ನೆನೆಯದಿರಲಾಗದು. 1162ರ ಕೇದಾರೇಶ್ವರ ಶಾಸನವು ಆ ಕಾಳಾಮುಖ ಮಠದಲ್ಲಿ ಅನ್ನ ಪಡೆಯುತ್ತಿದ್ದವರನ್ನು ಹೆಸರಿಸುವ ಬಗೆಯು ಆಶ್ಚರ್ಯಕರವಾಗಿದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು ಮೊದಲಾದವರೊಡನೆ ಜೈನ ಕ್ಷಪಣಕರೂ ಏಕದಂಡಿ ತ್ರಿದಂಡಿಗಳೂ ಹಂಸ ಪರಮಹಂಸರೂ ಆ ಪಟ್ಟಿಯಲ್ಲಿದ್ದಾರೆ. ಅನಾಥರಾದ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿದ್ದಿತು. ಮಠದ ಆಚಾರ್ಯರು ಪರಮತಖಂಡನದಲ್ಲಿ ಹಿಂದೆಗೆದವರಲ್ಲ. ವಾದಿಗಳನ್ನು ಗೆದ್ದ ಬಿರುದುಗಳು ಕಾಳಾಮುಖರ ಶಾಸನಗಳಲ್ಲಿ ಯಥೇಚ್ಛವಾಗಿವೆ. ಆದರೂ ಶಾಸ್ತ್ರಾರ್ಥದಲ್ಲಿ ಎದುರಾಳಿಯಾದವನೂ ಊಟದ ಪಂಕ್ತಿಯಲ್ಲಿ ಬರಿಯ ಹಸಿದವನು. ಸುರಪುರ ಸೀಮೆಯಲ್ಲಿಯೇ ಇರುವ ಏವೂರು, ಚಾಳುಕ್ಯರ ವಂಶಾವಳಿಗಾಗಿ ಇತಿಹಾಸಜ್ಞರಿಗೆಲ್ಲ ಪರಿಚಿತವಾದ 1077ರ ಶಾಸನದ ಊರು, ಇಂಥ ಶೈವಾಚಾರ್ಯರ ಇನ್ನೊಂದು ನೆಲೆಯಾಗಿದ್ದಿತು.

ನಮ್ಮ ಪೂರ್ವಿಕರ ದಾನವೆಲ್ಲ ಹೀಗೆಯೇ ಇದ್ದಿತೆಂದು ತೃಪ್ತಿಪಡುವಂತಿಲ್ಲ. ಅಗ್ರಹಾರಗಳ ಸತ್ರಗಳಲ್ಲಿ ಅನ್ನಕ್ಕೆ ಜನ್ಮವೇ ನಿಬಂಧನೆಯಾಗಿದ್ದಿತು. ಮತವನ್ನು ಬದಲಾಯಿಸಿದರೆ ಅನ್ನವುಂಟೆಂಬುದು ಕಠಿಣವಾದ ಮಾತು. ಯಾವ ಬದಲಾವಣೆಯಿಂದಲೂ ಪಂಕ್ತಿಗೆ ಸೇರಲಾಗದೆಂಬುದು ಅದಕ್ಕಿಂತಲೂ ಕಠಿಣ. ಈ ಎರಡನೆಯದನ್ನು ಸಾವಿರ ವರ್ಷ ಸಹಿಸಿಕೊಂಡವರು ಮೊದಲನೆಯದನ್ನು ಕಂಡು ಕೆರಳುವಾಗ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಇನ್ನು ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಇಲ್ಲಿಯೂ ಸುರಪುರ ಸೀಮೆಯ ಒಂದು ಎಳೆಯನ್ನು ಹಿಡಿದೇ ಹೋಗಬಹುದು. ಆ ಎಳೆಯು ಕೊಡೇಕಲ್ಲಿನ ಕಾಲಜ್ಞಾನ. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ಪರಂಪರೆಯು, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನಂತೆಯೇ, ಮತಗಳ ಗಡಿಯನ್ನು ಲೆಕ್ಕಿಸದೆ ಬೆಳೆದುದು. ಮುಂದೊಂದು ಕಾಲಕ್ಕೆ ಲೋಕವು ತಲ್ಲಣಿಸಿ, ವೀರವಸಂತರಾಯನು ಬಂದು, ಕಲ್ಯಾಣವು ಮತ್ತೆ ಬೆಳಗುವುದೆಂಬ ಭವಿಷ್ಯವಾಣಿಯು ಈ ವಾಙ್ಮಯದ ಜೀವಾಳ. ಅದನ್ನು ಪ್ರಮಾಣವೆಂದು ನಂಬಿ ಕಾಯುತ್ತಿದ್ದ ಭಕ್ತರು ಧಾರವಾಡ ಸೀಮೆಯ ವರೆಗೂ ಹರಡಿಕೊಂಡಿದ್ದರು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಗೊಂಡರು. ಆಗ ಕಾಲಜ್ಞಾನಿಗಳಲ್ಲಿ ಕೆಲವರು ಅವರ ಬಳಿಗೆ ಬಂದು, ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲವೂ ಪಾದ್ರಿಗಳು ಸಾರುವ ಕಾಲವೂ ಒಂದೇ ಇರಬಹುದೆಂದು ಸೂಚಿಸಿದರು. ಮಿಶನರಿಗಳಿಗೆ ಇದೊಂದು ಅಪೂರ್ವಾವಕಾಶವಾಗಿ ಕಂಡಿತು. ಒಬ್ಬೊಬ್ಬರಲ್ಲ, ಒಂದು ಸಮುದಾಯವೇ ಬರಬಹುದೆಂಬ ಆಸೆಯು ಮೂಡಿತು. ಹಾಗೆ ಬಂದವರು ಕುಲದಿಂದ ಹೊರಗಾಗುವರು, ಹೊಲಮನೆಗಳನ್ನು ಕಳೆದುಕೊಳ್ಳುವರು. ಅವರಿಗೆ ಬದುಕು ಕಟ್ಟಿಕೊಡುವುದು ತಮ್ಮ ಕರ್ತವ್ಯವೆಂದು ಬಗೆದು, 1841ರಲ್ಲಿ ಗದಗ ಬೆಟಗೇರಿಗಳ ಸಮೀಪದ ಮಲಸಮುದ್ರದಲ್ಲಿ ನೆಲವನ್ನು ಪಡೆದು ಒಂದು ಕೃಷಿಗ್ರಾಮವನ್ನು ಏರ್ಪಡಿಸಿದರು. ಮನೆಗಳಿಗೂ ಉಳುಮೆಗೂ ಸಿದ್ಧತೆಯಾಯಿತು. ಎದುರುನೋಡಿದ ಸಮುದಾಯವು ಮಾತ್ರ ಬರಲಿಲ್ಲ. ಮಲಸಮುದ್ರವು ಎಣಿಸಿದಂತೆ ಎಂದೂ ತುಂಬಲಿಲ್ಲ.

ಈ ಪ್ರಸಂಗವನ್ನು ಮಿಶನ್ನಿನ ಹಗೆಗಳು ಗಾಳವು ಕಚ್ಚದ ಕಥೆಯೆಂದು ನಗಬಹುದು. ಮಿತ್ರರು ಹಿಂದುಗಳ ಚಾಂಚಲ್ಯವೆಂದು ದೂರಬಹುದು. ನಮಗೆ ಎರಡೂ ಸರಿಯಾಗಿ ತೋರುವುದಿಲ್ಲ. ಮಿಶನರಿಗಳ ಭಾವನೆಯಲ್ಲಿ ಮಲಸಮುದ್ರವು ಪಾತ್ರದತ್ತಿ: ಶ್ರದ್ಧೆಯಿಂದ ಬಂದು ಸರ್ವಸ್ವವನ್ನೂ ಕಳೆದುಕೊಂಡವನಿಗೆ ಸಲ್ಲತಕ್ಕ ಆಸರೆ. ಆ ಭಾವನೆಯಲ್ಲಿ ಕಪಟವಿರಲಿಲ್ಲ. ತಪ್ಪಿದುದು ಕಾಲಕ್ರಮದಲ್ಲಿ. ಕಳೆದುಕೊಂಡವರು ಬರುವುದಕ್ಕೆ ಮುಂಚೆಯೇ ನೆಲವು ಸಿದ್ಧವಾಗಿ ನಿಂತಿತು, ಆಸರೆಯು ಕರೆಯಾಗಿಬಿಟ್ಟಿತು. ಒಮ್ಮೆ ಹಾಗಾದ ಮೇಲೆ ಬಂದವನು ಏತಕ್ಕೆ ಬಂದನೆಂಬುದನ್ನು ಕೊಡುವವರು ನಿಶ್ಚಯಿಸುವಂತಿಲ್ಲ. ಪಡೆಯುವವನು ತನ್ನ ಅಂತರಂಗಕ್ಕೇ ಪ್ರಮಾಣ ಹೇಳಿಕೊಳ್ಳುವಂತಿಲ್ಲ. ನಿಜವಾಗಿ ನಂಬಿ ಬಂದವನ ಮೇಲೆಯೂ ನೆಲಕ್ಕಾಗಿ ಬಂದನೆಂಬ ಅಪವಾದವು ಆಜೀವವೂ ಉಳಿಯುತ್ತದೆ. ದಾನವನ್ನು ಮತಾಂತರಕ್ಕೆ ಕಟ್ಟುವುದರಿಂದ ಅತ್ಯಂತ ಹೆಚ್ಚಿನ ಹಾನಿಯಾಗುವುದು ಅವನಿಗೇ ಎಂಬುದು ನಮ್ಮ ಅಭಿಪ್ರಾಯ. ಕಾಲಜ್ಞಾನಿಗಳ ಕಡೆಯಿಂದಲೂ ನೋಡಬೇಕು. ಅವರು ಭವಿಷ್ಯದ ಓಲೆಯನ್ನು ಹಿಡಿದು ಅರ್ಥವನ್ನು ಕೇಳಲು ಹೋದವರು. ಅವರಿಗೆ ತೋರಿಸಿದುದು ಎರೆಭೂಮಿಯನ್ನು.

ಮಂಗಳೂರಿನ ಕಡೆ ಇದೇ ಮಿಶನ್ನು ನಡೆದ ದಾರಿಯು ಬೇರೆಯಾಗಿದ್ದಿತು. ಅಲ್ಲಿ ಮತಾಂತರವು ಮೊದಲು, ಜೀವನೋಪಾಯದ ಚಿಂತೆಯು ಆಮೇಲೆ. ಶೇಂದಿ ಇಳಿಸುವ ಕಸಬನ್ನೋ ಗೇಣಿಯ ಭೂಮಿಯನ್ನೋ ಬಿಟ್ಟು ಬಂದವರಿಗಾಗಿ 1851ರಲ್ಲಿ ಹಾಲರನ ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಪ್ಲೆಬ್ಸ್ಟನ ಹಂಚಿನ ಕಾರ್ಖಾನೆಯೂ ಹುಟ್ಟಿದುವು. ಕೆಲಸಕ್ಕೆ ಕೂಲಿಯೆಂಬುದು ನಿಯಮವಾದುದರಿಂದ ಪಡೆಯುವವನ ಮಾನವು ಉಳಿಯಿತು. ಕಾಲಕ್ರಮದಲ್ಲಿ ಕ್ರೈಸ್ತರಲ್ಲದವರೂ ಅಲ್ಲಿ ಕೂಲಿಗೆ ಸೇರಿದರು. ಆದರೂ ಅನ್ನದಾತನೂ ಧರ್ಮಗುರುವೂ ಒಂದೇ ಸಂಸ್ಥೆಯಾದುದರ ತೊಡಕು ಅಲ್ಲಿಯೂ ಪೂರ್ಣವಾಗಿ ಬಿಡಿಸಿಕೊಳ್ಳಲಿಲ್ಲ. 1876-78ರ ಬರಗಾಲದಲ್ಲಿ ಮಿಶನ್ನುಗಳು ಸಾಕಿದ ಅನಾಥ ಶಿಶುಗಳ ವಿಷಯವು ಇನ್ನೂ ಕಷ್ಟದ್ದು. ಆ ಮಕ್ಕಳು ಬದುಕಿ ಉಳಿದುದೇ ಆ ದಯೆಯಿಂದ. ಆದರೆ ಸಾಕಿದವರ ಮತವೇ ಅವರ ಮತವಾದಾಗ ಅವರನ್ನು ಕೇಳಿದವರಿರಲಿಲ್ಲ. ಬದುಕಿದ ಮಗುವಿನೆದುರು ನಿಂತು ಈ ಆಕ್ಷೇಪವನ್ನು ಗಟ್ಟಿಯಾಗಿ ಹೇಳುವ ಧೈರ್ಯ ನಮಗಂತೂ ಇಲ್ಲ.

ಇನ್ನೊಂದು ಪಕ್ಷದ ಮಾತನ್ನೂ ತೂಗಿ ನೋಡಬೇಕು. ಮತವನ್ನು ಬಿಡುವವನಿಗೆ ತೋರಿಸುವ ಲಾಭವನ್ನು ಆಮಿಷವೆನ್ನುವುದಾದರೆ, ಬಿಡದೆ ಉಳಿಯುವವನಿಗೆ ದೊರೆಯುವ ಲಾಭಕ್ಕೆ ಏನೆನ್ನಬೇಕು? ಪಿತ್ರಾರ್ಜಿತ, ಬಾವಿಯ ನೀರು, ಮದುವೆಯ ಸಂಬಂಧ, ಸತ್ತಾಗ ಹೊರುವ ನಾಲ್ವರು - ಇವೆಲ್ಲವೂ ಇದ್ದ ಮತದಲ್ಲಿ ಇದ್ದಂತೆಯೇ ಇರುವುದಕ್ಕೆ ಕಟ್ಟಲ್ಪಟ್ಟಿದ್ದುವು. 1850ರ ಇಪ್ಪತ್ತೊಂದನೆಯ ಕಾಯಿದೆಯು ಮತಾಂತರ ಹೊಂದಿದವನ ದಾಯಭಾಗವನ್ನು ಉಳಿಸಿಕೊಟ್ಟಿತು. ಬಾವಿಯನ್ನೂ ಹೊರುವವರನ್ನೂ ಯಾವ ಕಾಯಿದೆಯೂ ಕೊಡಲಾರದು. ಈ ಕಡೆಯ ಬಿಗಿತವನ್ನು ಕಾಣದೆ ಆ ಕಡೆಯ ಸಡಿಲವನ್ನು ಮಾತ್ರ ನಿಂದಿಸುವವರ ತಕ್ಕಡಿಯಲ್ಲಿ ಒಂದೇ ತಟ್ಟೆಯಿದೆ.

ಯಾದಗಿರಿಯಲ್ಲಿ ಮೆಥೊಡಿಸ್ಟ್ ಮಿಶನ್ನಿನ ಹೋಲ್‌ಸ್ಟನ್ ಆಸ್ಪತ್ರೆಯು ಈ ಪ್ರಶ್ನೆಯ ಇನ್ನೊಂದು ಮುಖವನ್ನು ತೋರುತ್ತದೆ. ಟೆನ್ನೆಸ್ಸಿ ಕಡೆಯ ಮೆಥೊಡಿಸ್ಟರ ಒಂದು ವಲಯದ ಹೆಸರು ನಿಜಾಮನ ಸೀಮೆಯ ಬಿಸಿಲೂರಿನ ಆಸ್ಪತ್ರೆಗೆ ಬಂದುದು ವಿಚಿತ್ರವಾದರೂ, ಅಲ್ಲಿಯ ರೈತರು ಎತ್ತಿನ ಬಂಡಿಯಲ್ಲಿ ರೋಗಿಯನ್ನು ತರುವಾಗ ಹೆಸರಿನ ಕಡೆಗೆ ನೋಡಿರಲಾರರು. ಹೊಲವನ್ನು ಬೇಕಾದವನು ಒಲ್ಲೆನೆನ್ನಬಹುದು. ಜ್ವರದ ಔಷಧವನ್ನು ಯಾರೂ ಒಲ್ಲೆನೆನ್ನಲಾರರು. ಆದುದರಿಂದ ಆಸ್ಪತ್ರೆಯ ಮಂಚದ ಬಳಿಯ ಉಪದೇಶವು, ಎಷ್ಟು ಮೃದುವಾಗಿದ್ದರೂ, ಎದ್ದುಹೋಗಲಾರದವನಿಗೆ ಮಾಡಿದ ಉಪದೇಶ. ಈ ಸಂಗತಿಯನ್ನು ಕಂಡು ಹೇಳಿದವರು ಹಿಂದುಗಳು ಮಾತ್ರವಲ್ಲ. ಮಿಶನ್ನುಗಳು ಸೇವೆಯನ್ನು ಮತಾಂತರಕ್ಕೆ ಸಾಧನವಾಗಿ ಮಾಡಿಕೊಳ್ಳಬಾರದೆಂದು ಗಾಂಧೀಜಿಯವರು 1931ರಲ್ಲಿ ಹೇಳಿದ ಮರುವರ್ಷವೇ, ಅಮೆರಿಕದ ತತ್ತ್ವಶಾಸ್ತ್ರಜ್ಞ ಹಾಕಿಂಗ್ ಅವರ ಅಧ್ಯಕ್ಷತೆಯ ವಿಚಾರಣಾಮಂಡಲಿಯು ಭಾರತವನ್ನೂ ಪೂರ್ವದೇಶಗಳನ್ನೂ ಸಂದರ್ಶಿಸಿ ಬಂದು, ವೈದ್ಯಸೇವೆಯನ್ನೂ ವಿದ್ಯಾದಾನವನ್ನೂ ನೇರವಾದ ಮತಪ್ರಚಾರದಿಂದ ಬಿಡಿಸಬೇಕೆಂದು ಸ್ವಮತೀಯರಿಗೇ ಸೂಚಿಸಿತು. ಈ ಸೂಚನೆಗೆ ಕ್ರೈಸ್ತರಲ್ಲಿಯೇ ಬಲವಾದ ಪ್ರತಿಭಟನೆಯು ಬಂದಿತು. 1938ರ ತಾಂಬರಂ ಸಮ್ಮೇಳನಕ್ಕಾಗಿ ಗ್ರಂಥವನ್ನು ಬರೆದ ಹಾಲಂಡಿನ ಕ್ರೇಮರ್ ಸುವಾರ್ತೆಯನ್ನು ಸಾರುವುದೇ ಮಿಶನ್ನಿನ ಪ್ರಾಣವೆಂಬ ಪಕ್ಷವನ್ನು ಹಿಡಿದನು.

ಕ್ರೇಮರನ ಪಕ್ಷವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ತಾನು ಪರಮಸತ್ಯವೆಂದು ನಂಬಿದುದನ್ನು ಬಚ್ಚಿಟ್ಟುಕೊಂಡು ಗಂಜಿಯನ್ನು ಮಾತ್ರ ಕೊಡುವವನು ಬೌದ್ಧರ ಲೆಕ್ಕದಲ್ಲಿಯೂ ಕಿರಿದನ್ನು ಕೊಟ್ಟು ಹಿರಿದನ್ನು ಮುಚ್ಚಿಟ್ಟವನಾಗುವನು. ಒಂದೇ ಕೈ ಎರಡು ದಾನಗಳನ್ನೂ ಮಾಡಬಾರದೆಂದು ನಾವು ಹೇಳುವುದಿಲ್ಲ. ಕೋಡಿಯಮಠದಲ್ಲಿ ವೇದವ್ಯಾಕರಣಗಳ ಪಾಠವೂ ಊಟವೂ ಒಂದೇ ಮಾಡಿನ ಕೆಳಗೆ ನಡೆಯುತ್ತಿದ್ದುವು. ಪಾಠಕ್ಕೆ ಕುಳಿತವನಿಗೆ ಮಾತ್ರ ಊಟವೆಂಬ ನಿಯಮವು ಅಲ್ಲಿರಲಿಲ್ಲ, ಅಷ್ಟೇ. ಔಷಧವನ್ನು ಪಡೆದು ಏನನ್ನೂ ಕೇಳದೆ ಊರಿಗೆ ಹಿಂದಿರುಗಿದವನು ಮತ್ತೆ ಕಾಯಿಲೆ ಬಿದ್ದು ಬಂದಾಗ ಅವನಿಗೆ ಮೊದಲಿನಷ್ಟೇ ಆದರ ದೊರೆಯುವುದೋ ಇಲ್ಲವೋ ಎಂಬುದೇ ಸರಿಯಾದ ಪರೀಕ್ಷೆ. ಬೋಧಿಸಿದರೋ ಇಲ್ಲವೋ ಎಂಬುದಲ್ಲ.

ಕಾಯಿದೆಯು ಈ ಪರೀಕ್ಷೆಯನ್ನು ಮಾಡಬಲ್ಲುದೇ ಎಂಬುದರಲ್ಲಿ ನಮಗೆ ಸಂದೇಹವುಂಟು. ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಚಾರದ ಹಕ್ಕನ್ನು ಕೊಟ್ಟಿದೆ; ಆ ಹಕ್ಕಿನಲ್ಲಿ ಮತ್ತೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅಡಕವಾಗಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೆ ನ್ಯಾಯಾಧೀಶನು ಕೊಟ್ಟ ವಸ್ತುವನ್ನು ನೋಡಬಲ್ಲನು, ಕೊಟ್ಟ ಭಾವವನ್ನು ನೋಡಲಾರನು. ಅಕ್ಕಿಯ ಚೀಲವು ದಯಾದತ್ತಿಯಲ್ಲಿಯೂ ಅಕ್ಕಿಯ ಚೀಲವೇ.

ಮಲಸಮುದ್ರದ ವೃತ್ತಾಂತವನ್ನು ಇದುವರೆಗೆ ಬರೆದವರೆಲ್ಲರೂ ಮಿಶನ್ನಿನ ವರದಿಗಳನ್ನೇ ಆಧಾರವಾಗಿ ಹಿಡಿದಿರುವರು; ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿ ಸುರಕ್ಷಿತವಾಗಿವೆ. ಕಾಲಜ್ಞಾನಿಗಳ ಪಕ್ಷವನ್ನು ತಿಳಿಯಬೇಕಾದರೆ ಕೊಡೇಕಲ್ಲಿನ ಕಡೆಗೇ ತಿರುಗಬೇಕು. ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಬರೆದಿಟ್ಟ ಅಲ್ಲಿಯ ಹೊತ್ತಗೆಗಳನ್ನು ಓದಬಲ್ಲವರು ವಿರಳವಾಗುತ್ತಿದ್ದಾರೆ. ಕನ್ನಡವನ್ನೂ ಜರ್ಮನ್ ಭಾಷೆಯನ್ನೂ ಬಲ್ಲ ತರುಣ ವಿದ್ವಾಂಸರೊಬ್ಬರು ಈ ಎರಡು ಕಡತಗಳನ್ನೂ ಒಟ್ಟಿಗೆ ಇರಿಸಿಕೊಂಡು 1839ರಿಂದ 1851ರ ವರೆಗಿನ ಹನ್ನೆರಡು ವರ್ಷಗಳನ್ನು ಪರಿಶೋಧಿಸುವುದಾದರೆ, ಓಲೆಯನ್ನು ಹಿಡಿದು ಹುಬ್ಬಳ್ಳಿಗ� ಹೋದವರು ಊರಿಗೆ ಹಿಂದಿರುಗಿ ಏನು ಹೇಳಿಕೊಂಡರೆಂಬುದು ಕೊಡೇಕಲ್ಲಿನ ಪುಟಗಳಿಂದಲೇ ಹೊರಬೀಳಬಹುದು.